ಉಡುಪಿಲ್ಲದ ಉಡುಪಿನ ಜಾಹೀರಾತು

1990ರ ನವೆಂಬರಿನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಒಂದು ಕಪ್ಪು-ಬಿಳುಪು ಛಾಯಾಚಿತ್ರವನ್ನು ಪ್ರಕಟಿಸಿತು. ಏಡ್ಸ್‌ನಿಂದ ಕೃಶನಾದ ಡೇವಿಡ್ ಕಿರ್ಬಿ ಮರಣಶಯ್ಯೆಯಲ್ಲಿದ್ದಾನೆ. ತಂದೆ ಅವನ ತಲೆಯನ್ನು ತಬ್ಬಿಕೊಂಡಿದ್ದಾನೆ. ಓಹಾಯೋದಲ್ಲಿ ಅದನ್ನು ತೆಗೆದ ಥೆರೇಸ್ ಫ್ರೇರ್ ಆಗಿನ್ನೂ ಪತ್ರಿಕೋದ್ಯಮದ ವಿದ್ಯಾರ್ಥಿನಿ. 1992ರಲ್ಲಿ ಅದೇ ಚಿತ್ರ ಬಣ್ಣ ತಳೆದು, ಒಂದು ಪುಟ್ಟ ಹಸಿರು ಪಟ್ಟಿಯನ್ನು ಹೊತ್ತು, ಇಟಲಿಯ ಬೆನೆಟನ್ ಕಂಪನಿಯ ಜಾಹೀರಾತಾಗಿ ಜಗತ್ತಿನ ಮುಂದೆ ಬಂತು. ಮಾರುವುದು ಉಡುಪು, ಚಿತ್ರದಲ್ಲಿ ಮಾರಾಟದ ಉಡುಪೇ ಇಲ್ಲ. ಈ ವೈಚಿತ್ರ್ಯಕ್ಕೆ ಒಂದು ದಶಕದ ಹಿನ್ನೆಲೆಯಿದೆ.

ಲುಚಿಯಾನೋ ಬೆನೆಟನ್ ತನ್ನ ಒಡಹುಟ್ಟಿದವರೊಡನೆ 1965ರಲ್ಲಿ ಕಟ್ಟಿದ ಈ ಸಂಸ್ಥೆ ಹೆಸರಾದದ್ದು ಬಣ್ಣಬಣ್ಣದ ಸ್ವೆಟರುಗಳಿಂದ. ಛಾಯಾಗ್ರಾಹಕ ಒಲಿವಿಯೆರೋ ತೋಸ್ಕಾನಿ 1982ರಲ್ಲಿ ಅದರ ಜಾಹೀರಾತಿನ ಹೊಣೆ ಹೊತ್ತ. ಅವನ ಮೊದಲ ಪರಿಕಲ್ಪನೆ ಸರಳ: ಬಿಳಿಯ ಹಿನ್ನೆಲೆ, ಅದರ ಮುಂದೆ ಬೇರೆ ಬೇರೆ ಜನಾಂಗಗಳ ಎಳೆಯರು. ಉಣ್ಣೆಯ ಬಣ್ಣ, ಮೈಯ ಬಣ್ಣ ಎಂಬ ಎರಡು ಅರ್ಥಗಳನ್ನು ಒಂದೇ ಮಾತು ಹೊರುತ್ತಿತ್ತು. ಕಂಪನಿಯ ಹೆಸರಿನ ಹಿಂದೆ ಮುಂದೆ ‘ಯುನೈಟೆಡ್ ಕಲರ್ಸ್’ ಎಂಬ ಘೋಷಣೆ ಅಂಟಿಕೊಂಡದ್ದು ಹೀಗೆ. ಈ ಘಟ್ಟದಲ್ಲಿ ವಿಚಾರ ಮತ್ತು ವಸ್ತ್ರ ಒಂದನ್ನೊಂದು ಬಿಟ್ಟಿರಲಿಲ್ಲ.

ದಶಕದ ಕೊನೆಗೆ ವಸ್ತ್ರ ಹಿಂದೆ ಸರಿಯಿತು. 1989ರ ಚಿತ್ರದಲ್ಲಿ ಕಪ್ಪು ಹೆಣ್ಣೊಬ್ಬಳು ಬಿಳಿಯ ಕೂಸಿಗೆ ಮೊಲೆಯೂಡುತ್ತಾಳೆ. ಯುರೋಪಿನಲ್ಲಿ ಸಮಾನತೆಯ ಸಂಕೇತವೆಂದು ಮೆಚ್ಚುಗೆ ಪಡೆದ ಅದೇ ಚಿತ್ರದಲ್ಲಿ ಅಮೆರಿಕದ ಕಪ್ಪು ಜನ ಒಡೆಯನ ಮಗುವಿಗೆ ಹಾಲೂಡಿಸುತ್ತಿದ್ದ ಗುಲಾಮ ದಾದಿಯನ್ನು ಕಂಡರು. ಚಿತ್ರವನ್ನು ಸಂಯೋಜಿಸುವವನು ನೋಡುವವನ ಚರಿತ್ರೆಯನ್ನು ಸಂಯೋಜಿಸಲಾರ.

ಕಿರ್ಬಿಯ ಚಿತ್ರದಲ್ಲಿ ಈ ಪ್ರಶ್ನೆ ಇನ್ನೂ ತೀವ್ರವಾಯಿತು. ಕಲಾ ನಿರ್ದೇಶನ ಇಲ್ಲಿ ಸೇರಿಸಿದ್ದು ಎರಡನ್ನೇ: ಬಣ್ಣ ಮತ್ತು ಹಸಿರು ಪಟ್ಟಿ. ಅಷ್ಟರಿಂದಲೇ ವರದಿ ವಾಣಿಜ್ಯವಾಯಿತು. ಸಾವನ್ನು ಸರಕು ಮಾಡಲಾಗಿದೆ ಎಂದು ಏಡ್ಸ್ ಹೋರಾಟಗಾರರಲ್ಲಿ ಹಲವರು ಸಿಡಿದೆದ್ದರು. ಆದರೆ ಬಳಕೆಗೆ ಒಪ್ಪಿಗೆ ಕೊಟ್ಟವರು ಕಿರ್ಬಿಯ ಹೆತ್ತವರೇ. ಮಗನ ಸಂಕಟ ಹೆಚ್ಚು ಜನರ ಕಣ್ಣಿಗೆ ಬೀಳಲೆಂಬುದು ಅವರ ಆಶಯ. ಕಂಪನಿ ತಮ್ಮನ್ನು ಬಳಸಿಕೊಳ್ಳಲಿಲ್ಲ, ತಾವೇ ಕಂಪನಿಯನ್ನು ಬಳಸಿಕೊಂಡೆವು ಎಂಬುದು ಅವರ ನಿಲುವು. ಇವೆರಡರಲ್ಲಿ ಯಾವುದನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ.

ನ್ಯಾಯಾಲಯಗಳಿಗೂ ಒಂದೇ ಉತ್ತರ ಸಿಗಲಿಲ್ಲ. ಜರ್ಮನಿಯಲ್ಲಿ ಎಣ್ಣೆಯಲ್ಲಿ ಮುಳುಗಿದ ಹಕ್ಕಿ, ಬಡದೇಶಗಳ ದುಡಿಯುವ ಮಕ್ಕಳು, ‘ಎಚ್‌ಐವಿ ಪಾಸಿಟಿವ್’ ಎಂಬ ಮುದ್ರೆ ಒತ್ತಿದ ಮೈ ಇವುಗಳಿದ್ದ ಜಾಹೀರಾತುಗಳನ್ನು ಕೆಳಗಿನ ನ್ಯಾಯಾಲಯಗಳು ನಿಷೇಧಿಸಿದವು. 2000ದ ಡಿಸೆಂಬರಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅಭಿವ್ಯಕ್ತಿ ಸ್ವಾತಂತ್ರ್ಯದ ಪರ ನಿಂತು ಆ ತೀರ್ಪುಗಳನ್ನು ರದ್ದುಗೊಳಿಸಿತು.

1994ರ ಜಾಹೀರಾತಿನಲ್ಲಿ ಮಾತ್ರ ಬಟ್ಟೆ ಮರಳಿ ಬಂತು. ಅದು ಬೋಸ್ನಿಯಾ ಯುದ್ಧದಲ್ಲಿ ಮಡಿದ ಸೈನಿಕನೊಬ್ಬನ ರಕ್ತಸಿಕ್ತ ಅಂಗಿ ಮತ್ತು ಪ್ಯಾಂಟು. ತೊಟ್ಟವನಿಲ್ಲದ ಆ ಬಟ್ಟೆಯಷ್ಟು ಪ್ರಾಮಾಣಿಕವಾದ ಉಡುಪಿನ ಚಿತ್ರವನ್ನು ತೋಸ್ಕಾನಿ ಮತ್ತೆ ಕೊಡಲಿಲ್ಲವೆಂದು ನನಗನ್ನಿಸುತ್ತದೆ. 2000ದಲ್ಲಿ ಅಮೆರಿಕದ ಮರಣದಂಡಿತರ ಭಾವಚಿತ್ರಗಳ ಸರಣಿ ಬಂದಾಗ ಸಿಯರ್ಸ್ ಮಳಿಗೆಗಳು ಬೆನೆಟನ್‌ನ ಸರಕನ್ನೇ ಕೈಬಿಟ್ಟವು. ಅದೇ ವರ್ಷ ತೋಸ್ಕಾನಿ ಸಂಸ್ಥೆಯಿಂದ ಹೊರಬಂದ.

ಕಥೆಯ ಅತಿ ಕಠೋರವಾದ ಚಿತ್ರವನ್ನು ಯಾವ ಕಲಾ ನಿರ್ದೇಶಕನೂ ರೂಪಿಸಲಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವಾರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಸಿದ್ಧ ಉಡುಪಿನ ಕಾರ್ಮಿಕರು. ಅವಶೇಷಗಳ ನಡುವೆ ಬೆನೆಟನ್‌ನ ಅಂಗಿಗಳೂ ಸಿಕ್ಕವು. ಮೊದಲು ಸಂಬಂಧವನ್ನೇ ಅಲ್ಲಗಳೆದ ಕಂಪನಿ, ಅಲ್ಲಿನ ಒಂದು ಕಾರ್ಖಾನೆಯಿಂದ ಉಡುಪು ತರಿಸಿದ್ದನ್ನು ಬಳಿಕ ಒಪ್ಪಿಕೊಂಡಿತು. 2015ರಲ್ಲಿ ಪರಿಹಾರ ನಿಧಿಗೆ 11 ಲಕ್ಷ ಡಾಲರ್ ಕೊಟ್ಟಿತು.

ಬಡದೇಶಗಳ ಮಕ್ಕಳ ದುಡಿಮೆಯನ್ನು ಭಿತ್ತಿಚಿತ್ರವಾಗಿ ಮೆರೆಸಿದ ಕಂಪನಿಗೆ ತನ್ನದೇ ಅಂಗಿ ಹೊಲಿದ ಕೈಗಳು ಕಾಣದೆ ಹೋದವು. ಲೋಕದ ನೋವನ್ನೆಲ್ಲ ತೋರಿಸುವ ಭರದಲ್ಲಿ ಉಡುಪನ್ನು ಪುಟದಿಂದ ಕೆಳಗಿಳಿಸಿದಾಗ, ಅದನ್ನು ಹೊಲಿಯುವವರ ನೋವೂ ಅದರೊಡನೆ ಮರೆಯಾಗಿತ್ತು. ತೋಸ್ಕಾನಿಯ ಚಿತ್ರಗಳಿಗೆ ನಮ್ಮನ್ನು ಕಲಕುವ ಶಕ್ತಿ ಇಂದಿಗೂ ಇದೆ. ಆದರೆ ಅವುಗಳ ಮೂಲೆಯ ಹಸಿರು ಪಟ್ಟಿಯನ್ನು ಕಂಡಾಗಲೆಲ್ಲ ಸಾವಾರ್‌ನ ಮಣ್ಣು ನೆನಪಾಗದಿರದು.