ಪಂಜೆಯವರ ನಾಗರಹಾವು ಮತ್ತು ಮಕ್ಕಳ ನಟನೆಯಾಟ

ನಮ್ಮ ಸಮಾರಂಭಗಳಲ್ಲಿ ಪುಟಾಣಿಗಳು ವೇದಿಕೆಯೇರಿ ‘ನಾಗರಹಾವೆ’ ಹಾಡುವುದನ್ನು ನಾವೆಲ್ಲರೂ ಕೇಳಿದ್ದೇವೆ. ಕೈಕಟ್ಟಿ ನಿಂತು, ಒಂದು ಪದವೂ ತಪ್ಪದಂತೆ ಒಪ್ಪಿಸಿ, ಚಪ್ಪಾಳೆ ಪಡೆದು ಇಳಿಯುತ್ತಾರೆ. ಆದರೆ ಆ ಪದ್ಯವು ಒಪ್ಪಿಸುವುದಕ್ಕಿಂತ ಆಡುವುದಕ್ಕೇ ಹೆಚ್ಚು ತಕ್ಕದ್ದೆಂದು ನಮ್ಮ ಎಣಿಕೆ.

ಅದನ್ನು ಬರೆದ ಪಂಜೆ ಮಂಗೇಶರಾಯರು 1874ರಲ್ಲಿ ಬಂಟವಾಳದಲ್ಲಿ ಜನಿಸಿದರು. ಮನೆಯಲ್ಲಿ ಕೊಂಕಣಿ, ಊರಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್. ಹಲವು ನುಡಿಗಳ ನಡುವೆ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅವರು ದೂರದವರೇನಲ್ಲ. ಅಧ್ಯಾಪಕರಾಗಿ, ಶಾಲೆಗಳ ಇನ್‌ಸ್ಪೆಕ್ಟರರಾಗಿ ದುಡಿದ ಅವರು ಮಕ್ಕಳನ್ನು ಹತ್ತಿರದಿಂದ ಬಲ್ಲವರು. 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಹಿರಿಯರು ‘ಕವಿಶಿಷ್ಯ’ ಎಂಬ ವಿನಯದ ಹೆಸರಿನಲ್ಲಿ ಹಾವು, ಕೋಳಿ, ಗಾಳಿಗಳನ್ನು ಕುರಿತು ಹಾಡು ಕಟ್ಟಿದರು.

ಪದ್ಯದ ನಡೆಯನ್ನು ಗಮನಿಸಬೇಕು. ಮಗು ಮೊದಲು ಹಾವನ್ನು ಹೊಗಳಿ, ಹಾಲಿನ ಆಸೆ ತೋರಿಸಿ ಕರೆಯುತ್ತದೆ. ಬಳಿಕ ಕೊಳಲೂದಿ ಹೆಡೆಯಾಡಿಸುತ್ತದೆ. ಅನಂತರ ತಲೆಯ ಮೇಲಿನ ರತ್ನದ ವಿಚಾರ ಕೇಳಿ, ಚಿನ್ನವನ್ನೂ ಬೇಡುತ್ತದೆ. ಕೊನೆಗೆ ಹಾವಿನ ಹಗೆಯ ನೆನಪಾಗಿ, ನಮಸ್ಕರಿಸಿ ಹೊರಗಟ್ಟುತ್ತದೆ. ಹಾವು ತುಂಬಿದ ಊರಿನ ಮಗುವಿಗೆ ಆ ಭಯ ಸುಳ್ಳಲ್ಲ. ಆಟದೊಳಗೆ ಮಾತ್ರ ಹಾವು ಮಗುವಿನ ಅಪ್ಪಣೆಯಂತೆ ಬರುತ್ತದೆ, ಹೋಗುತ್ತದೆ.

ವೈದ್ಯಶಾಸ್ತ್ರ ಓದಿದವರಿಗೆ ಇಲ್ಲಿ ಫ್ರಾಯ್ಡ್ ನೆನಪಾಗದೆ ಇರದು. ಅವರು 1920ರ ಗ್ರಂಥವೊಂದರಲ್ಲಿ ಒಂದೂವರೆ ವರ್ಷದ ಮಗುವಿನ ಆಟವನ್ನು ವರ್ಣಿಸಿದ್ದಾರೆ. ದಾರ ಕಟ್ಟಿದ ಮರದ ಉರುಳೆಯನ್ನು ಮಗು ಕಣ್ಮರೆಯಾಗುವಂತೆ ಎಸೆದು, ‘ಹೋಯಿತು’ ಎಂಬರ್ಥದ ಸದ್ದು ಮಾಡಿ, ಮತ್ತೆ ಎಳೆದು ‘ಇಗೋ’ ಎನ್ನುತ್ತಿತ್ತು. ತನ್ನ ಕೈಯಲ್ಲಿಲ್ಲದ ತಾಯಿಯ ಹೋಗು-ಬರುವನ್ನು ಅದು ಆಟದಲ್ಲಿ ತನ್ನ ವಶಕ್ಕೆ ತಂದುಕೊಂಡಿತೆಂದು ಅವರ ವಿವರಣೆ. ಫ್ರಾಯ್ಡರ ಸಿದ್ಧಾಂತಗಳೆಲ್ಲವನ್ನೂ ನಾವು ಒಪ್ಪುವವರಲ್ಲ, ಈ ಅವಲೋಕನವನ್ನು ಮಾತ್ರ ಅಲ್ಲಗಳೆಯಲಾರೆವು.

ಜಿ. ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯವೂ ಇಂಥದೇ. ಯಜಮಾನನ ಪ್ರಶ್ನೆ, ಮರಿಯ ಉತ್ತರ, ಎರಡೂ ಒಂದೇ ಬಾಯಿಂದ ಬರಬೇಕು. ತಾನಲ್ಲದ ಮತ್ತೊಬ್ಬರಾಗಿ ಮಾತನಾಡುವ ಈ ಅಭ್ಯಾಸದಲ್ಲಿ ನುಡಿಯೂ ಬೆಳೆಯುತ್ತದೆ, ಇನ್ನೊಬ್ಬರ ಮನಸ್ಸಿನ ಊಹೆಯೂ ಬೆಳೆಯುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2018ರಲ್ಲಿ, ಮೊದಲ ಎರಡು ವರ್ಷಗಳ ತಪಾಸಣೆಗಳಲ್ಲಿ ವೈದ್ಯರು ಆಟವನ್ನೇ ಚೀಟಿಯಲ್ಲಿ ಬರೆದುಕೊಡಬೇಕೆಂದು ಸಲಹೆಯಿತ್ತಿತು. ಔಷಧದ ಅಂಗಡಿಯಲ್ಲಿ ಸಿಗದ ಔಷಧಿ!

ನಮ್ಮ ಮನೆಗಳ ಸಂಗತಿ ಸ್ವಲ್ಪ ಬೇರೆ. ಊಟಕ್ಕೆ ಕರೆಯುವಾಗ, ಗದರಿಸುವಾಗ ಕನ್ನಡವಿರುತ್ತದೆ. ಗೊಂಬೆಗೆ ಜ್ವರ ಬಂದಾಗ, ಸೋಫಾ ಹಡಗಾದಾಗ ಮಕ್ಕಳು ಇಂಗ್ಲಿಷಿಗೆ ಹೊರಳುತ್ತಾರೆ. ಆಜ್ಞೆಗೆ ಮಾತ್ರ ಉಳಿದ ಭಾಷೆಯನ್ನು ಮಗು ಏಕೆ ಪ್ರೀತಿಸಬೇಕು? ತಿದ್ದುವುದನ್ನು ಬಿಟ್ಟು ನಾವೇ ಆ ಹಡಗನ್ನು ಹತ್ತಿ, ಕನ್ನಡದಲ್ಲಿ ಟಿಕೆಟ್ ಕೇಳಬಹುದು.

ಪಂಜೆಯವರದೇ ‘ಸಿಗಡಿ ಯಾಕೆ ಒಣಗಲಿಲ್ಲ’ ಕಥೆಯಲ್ಲಿ ಒಂದು ಉತ್ತರ ಮುಂದಿನ ಪ್ರಶ್ನೆಯನ್ನು ಎಳೆದು ತರುತ್ತದೆ. ವಾರಾಂತ್ಯದ ವಿಡಿಯೋ ಕರೆಗೆ ಅದು ಹೇಳಿ ಮಾಡಿಸಿದಂತಿದೆ. ಮಗು ಕೇಳಲಿ, ಊರಿನಲ್ಲಿರುವ ಅಜ್ಜಿ ಸಿಗಡಿಯಾಗಿ ಉತ್ತರಿಸಲಿ. ಮುಂದಿನ ವಾರ ಅಜ್ಜಿ ಕೇಳಲಿ.