ಗುಮ್ಮಟದ ಹಿಂದಿನ ಆಕಾಶ

ಬೆಂಗಳೂರಿನ ಹೈಕೋರ್ಟಿನ ಕೆಂಪು ಕಟ್ಟಡಕ್ಕೆ ಹಳಬರು ಇಂದಿಗೂ ಅಠಾರಾ ಕಚೇರಿ ಎನ್ನುತ್ತಾರೆ. ಉರ್ದುವಿನಲ್ಲಿ ಅಠಾರಾ ಎಂದರೆ ಹದಿನೆಂಟು. ಮೈಸೂರು ಸಂಸ್ಥಾನದ ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಇದ್ದುದರಿಂದ ಬಂದ ಹೆಸರು ಇದು. ಇಂಗ್ಲಿಷರು ಕಟ್ಟಿಸಿದ ಕಟ್ಟಡಕ್ಕೆ ಹಿಂದೂಸ್ತಾನಿ ಹೆಸರು ಅಂಟಿತು, ಅದನ್ನು ಉಳಿಸಿಕೊಂಡದ್ದು ಕನ್ನಡಿಗರ ನಾಲಿಗೆ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡಾಗ ಅವರ ಕಚೇರಿಗಳು ನಡೆದದ್ದು ಕೋಟೆಯ ಬಳಿ ಟಿಪ್ಪು ಸುಲ್ತಾನರ ಮರದ ಕಂಬಗಳ ಅರಮನೆಯಲ್ಲಿ. ಯಾರ ರಾಜ್ಯವನ್ನು ಕಿತ್ತುಕೊಂಡಿದ್ದರೋ ಅವರ ಮನೆಯಲ್ಲೇ ಕುಳಿತು ಮೂರು ದಶಕಕ್ಕೂ ಹೆಚ್ಚು ಕಾಲ ಕಡತ ನೋಡಿದರು. 1868ರಲ್ಲಿ ಸ್ಯಾಂಕಿಯ ಉಸ್ತುವಾರಿಯಲ್ಲಿ ಈ ಕೆಂಪು ಕಟ್ಟಡ ಸಿದ್ಧವಾದ ಮೇಲೆ ಕಚೇರಿಗಳು ಇಲ್ಲಿಗೆ ಬಂದವು. ಎರಡು ವರ್ಷಗಳ ನಂತರ ಅದರ ಬೆನ್ನಿಗೆ ಕಬ್ಬನ್ ಪಾರ್ಕ್ ಬಂತು.

ಸ್ವಾತಂತ್ರ್ಯದ ನಂತರ ಶಾಸಕಾಂಗಕ್ಕೊಂದು ಕಟ್ಟಡ ಬೇಕೆಂದಾಗ ಆಯ್ಕೆಯಾದದ್ದು ಇದರ ಎದುರಿನ ಜಾಗ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಇಟ್ಟರು. ಮೊದಲಿನ ನಕ್ಷೆ ಸಾದಾ ಆಗಿತ್ತು. 1952ರಲ್ಲಿ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಅದನ್ನು ಬದಿಗಿಟ್ಟು, ಬಿ.ಆರ್. ಮಾಣಿಕ್ಯಂ ಅವರ ಕೈಯಲ್ಲಿ ದ್ರಾವಿಡ ಶೈಲಿಯ ಕಲ್ಲಿನ ಸೌಧವನ್ನೇ ರೂಪಿಸಿದರು. ಕಲ್ಲುಕುಟಿಗರ ಜೊತೆ ಕೈದಿಗಳೂ ದುಡಿದ ಈ ಕಟ್ಟಡ ಮುಗಿದದ್ದು 1956ರಲ್ಲಿ. ಪರಕೀಯ ಆಳ್ವಿಕೆಯ ಕೆಂಪು ಕಟ್ಟಡಕ್ಕೆ ಮುಖಾಮುಖಿಯಾಗಿ, ಅದಕ್ಕಿಂತ ಎತ್ತರವಾಗಿ, ಜನರ ಸರ್ಕಾರದ ಬೂದು ಕಲ್ಲು ನಿಂತಿತು. ಎರಡರಲ್ಲಿ ಒಂದನ್ನೇ ನೋಡಿದರೆ ಅರ್ಧ ಮಾತು ಕೇಳಿಸಿಕೊಂಡಂತೆ. ನಡುವಿನ ಬಯಲು, ಮೇಲಿನ ಆಕಾಶ ಇವೂ ಆ ಮಾತಿನ ಭಾಗವೇ.

ಯಾವುದೋ ತಾಲ್ಲೂಕಿನಿಂದ ಪಿಂಚಣಿಯ ಕಾಗದ ಹಿಡಿದು ಬರುವ ಮನುಷ್ಯನಿಗೆ ಒಳಗೆ ಹೋಗಲು ಪಾಸು ಬೇಕು. ಹೊರಗಿನಿಂದ ನೋಡಲು ಪಾಸು ಬೇಡ. ಭಾನುವಾರ ಮಕ್ಕಳನ್ನು ಕರೆತಂದು ಫುಟ್‌ಪಾತಿನಲ್ಲಿ ಫೋಟೊ ತೆಗೆಸಿಕೊಳ್ಳುವವರ ಪಾಲಿಗೆ ಈ ನೋಟವೇ ವಿಧಾನಸೌಧ. ಅದನ್ನು ಕಾಯುವುದು ಉಳ್ಳವರ ಶೋಕಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಈ ನೋಟಕ್ಕೆ ಮೊದಲು ಕೈ ಹಾಕಿದ್ದು ಬಿಲ್ಡರುಗಳಲ್ಲ. 1980ರ ದಶಕದಲ್ಲಿ ಸರ್ಕಾರವೇ ಅಠಾರಾ ಕಚೇರಿಯನ್ನು ಕೆಡವಲು ಹೊರಟಿತ್ತು. ನಾಗರಿಕರು ವಿರೋಧಿಸಿದರು, ವಿಷಯ ಹೈಕೋರ್ಟಿಗೆ ಹೋಯಿತು, ಅಂದರೆ ಅದೇ ಕಟ್ಟಡಕ್ಕೆ! ಕಟ್ಟಡ ಉಳಿಯಿತು. ಆದರೆ ಅಂಬೇಡ್ಕರ್ ವೀಧಿಯಲ್ಲಿ ಸರ್ಕಾರಿ ಇಲಾಖೆಗಳ ಬಹುಮಹಡಿ ಕಟ್ಟಡ ಬಂತು, ಜೀವ ವಿಮಾ ನಿಗಮದ ವಿಶ್ವೇಶ್ವರಯ್ಯ ಗೋಪುರ ಬಂತು. 2005ರಲ್ಲಿ ವಿಧಾನಸೌಧದ್ದೇ ವೇಷ ತೊಟ್ಟ ವಿಕಾಸಸೌಧ ಪಕ್ಕದಲ್ಲಿ ನಿಂತಿತು. ಅದು ಎತ್ತರದಲ್ಲಿ ಪೈಪೋಟಿ ಮಾಡಲಿಲ್ಲ, ನಿಜ. ಆದರೆ ಅಸಲಿನ ಮಗ್ಗುಲಲ್ಲಿ ನಕಲು ನಿಂತರೆ ನಷ್ಟ ಅಸಲಿಗೇ.

ಅಧಿಕಾರದ ಕಟ್ಟಡಕ್ಕೆ ಅದರ ಸ್ವಂತ ಬಳಗವೇ ಅಡ್ಡ ಬಂದ ಕಥೆ ದೆಹಲಿಯಲ್ಲೂ ಇದೆ. ರೈಸಿನಾ ಗುಡ್ಡದ ಮೇಲೆ ವೈಸರಾಯ್ ಭವನವನ್ನು ಲುಟ್ಯೆನ್ಸ್ ಕಟ್ಟಿದ, ಮುಂದಿನ ಸಚಿವಾಲಯದ ಎರಡು ಕಟ್ಟಡಗಳನ್ನು ಬೇಕರ್ ಕಟ್ಟಿದ. ಸಚಿವಾಲಯವೂ ಗುಡ್ಡದ ಮೇಲೇ ಇರಲೆಂದು ಇಬ್ಬರೂ ಒಪ್ಪಿದ್ದರು. ಆಮೇಲೆ ತಿಳಿಯಿತು: ಕೆಳಗಿನಿಂದ ನಡೆದು ಬರುವವನಿಗೆ, ರಸ್ತೆ ಏರುವಲ್ಲಿ, ಭವನ ಮುಳುಗಿದಂತೆ ಮರೆಯಾಗುತ್ತದೆ. ಇಳಿಜಾರು ಬದಲಿಸಿ ಎಂದು ಲುಟ್ಯೆನ್ಸ್ ಗೋಗರೆದ. ಯಾರೂ ಕೇಳಲಿಲ್ಲ. ಗೆಳೆತನ ಮುರಿಯಿತು. ಅದೇ ನಕ್ಷೆಯಲ್ಲಿ ಇನ್ನೊಂದು ಗೆರೆಯಿತ್ತು. ಇಂದಿನ ಸಂಸದ್ ಮಾರ್ಗ ಕನಾಟ್ ಪ್ಲೇಸ್ ದಾಟಿ ಜಾಮಾ ಮಸೀದಿಯತ್ತ ಗುರಿಯಿಟ್ಟಿದೆ. ಶಾಹಜಹಾನರ ಗುಮ್ಮಟಗಳು ಹೊಸ ರಾಜಧಾನಿಗೆ ಕಾಣಬೇಕೆಂಬ ಎಣಿಕೆ. ನಕ್ಷೆಯಲ್ಲಿ ಗೆರೆ ಇದೆ, ರಸ್ತೆಯಲ್ಲಿ ನಿಂತವನಿಗೆ ಮಸೀದಿ ಕಾಣುವುದಿಲ್ಲ. ನಡುವೆ ಕಟ್ಟಡಗಳು ಎದ್ದಿವೆ.

ಕಾನೂನು ಇಲ್ಲವೇ ಎಂದರೆ, ಇದೆ. ಕೇಂದ್ರದ ರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಮುಂದಿನ 200 ಮೀಟರಿಗೆ ಅನುಮತಿ ಬೇಕು ಎಂದು 2010ರ ತಿದ್ದುಪಡಿ ಹೇಳುತ್ತದೆ. ಟಿಪ್ಪು ಅರಮನೆಗೆ ಈ ರಕ್ಷೆಯುಂಟು. ವಿಧಾನಸೌಧ, ಅಠಾರಾ ಕಚೇರಿಗಳು ಆ ಪಟ್ಟಿಯಲ್ಲಿಲ್ಲ. ಇದ್ದರೂ ಸಾಲದು. ಕಾನೂನು ಅಳೆಯುವುದು ಸ್ಮಾರಕದಿಂದ ದೂರವನ್ನು, ಕಣ್ಣು ಅಳೆಯುವುದು ಬೇರೆಯದನ್ನು.

ಲಂಡನ್ನಿನ ರಿಚ್ಮಂಡ್ ಪಾರ್ಕಿನ ಒಂದು ದಿಬ್ಬದಿಂದ ಸುಮಾರು 16 ಕಿಲೋಮೀಟರ್ ದೂರದ ಸೇಂಟ್ ಪಾಲ್ ಚರ್ಚಿನ ಗುಮ್ಮಟ ಕಾಣುತ್ತದೆ. ಆ ನೋಟಕ್ಕೆ ಯಾರೂ ಅಡ್ಡ ಕಟ್ಟುವಂತಿಲ್ಲ. 2016ರಲ್ಲಿ ಗಲಾಟೆಯಾದದ್ದು ಅಡ್ಡ ಬಂದ ಕಟ್ಟಡಕ್ಕಲ್ಲ, ಗುಮ್ಮಟದಿಂದ ಇನ್ನೂ ಹಲವು ಕಿಲೋಮೀಟರ್ ಆಚೆ, ಸ್ಟ್ರಾಟ್‌ಫರ್ಡ್‌ನಲ್ಲಿ ಎದ್ದ 42 ಮಹಡಿಯ ಗೋಪುರಕ್ಕೆ. ಗುಮ್ಮಟದ ಹಿಂದೆ ಅದು ಇಣುಕಿ, ಆಕಾಶದ ಬರಿದನ್ನು ಕೆಡಿಸಿತ್ತು.

ನಮ್ಮಲ್ಲಿ ವಿಧಾನಸೌಧ ಪೂರ್ವಕ್ಕೆ ಮುಖ ಮಾಡಿದೆ. ಎದುರಿನಿಂದ ನೋಡುವವನಿಗೆ ಗುಮ್ಮಟದ ಹಿಂದೆ ಪಶ್ಚಿಮದ ಆಕಾಶ. ಅಲ್ಲಿ ಒಂದೆರಡು ಕಿಲೋಮೀಟರ್ ಆಚೆ ಯಾರ ಸೈಟಿನಲ್ಲಿ ಎಷ್ಟು ಮಹಡಿ ಏಳುತ್ತದೆ ಎಂಬುದು ಈ ಕಲ್ಲಿನ ಮುಖವನ್ನು ಬದಲಿಸಬಲ್ಲದು. 2019ರಲ್ಲಿ ಕಬ್ಬನ್ ಪಾರ್ಕಿನಲ್ಲಿ ಏಳು ಮಹಡಿಯ ಕಟ್ಟಡದ ಪ್ರಸ್ತಾಪ ಬಂದಾಗ ಜನ ಬೀದಿಗಿಳಿದರು, ಮರಗಳು ಕಣ್ಣೆದುರಿದ್ದವು. ದೂರದ ಸೈಟಿನ ನಕ್ಷೆಗೆ ಮಂಜೂರಾತಿ ಸಿಗುವುದು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಎಲ್ಲಿ ನಿಂತು ನೋಡುವ ಹಕ್ಕು ಜನರದ್ದು ಎಂದು ಮೊದಲೇ ಗುರುತಿಸಿ, ಅಲ್ಲಿಂದ ಗುಮ್ಮಟಕ್ಕೂ ಅದರಾಚೆಗೂ ಗೆರೆ ಎಳೆದು, ಆ ಗೆರೆಗೆ ತಾಗುವ ಎತ್ತರವನ್ನು ನಗರದ ಯೋಜನೆಯಲ್ಲಿ ಬರೆದಿಡಬೇಕು. ಮೊದಲ ಬಿಂದುವಿಗೆ ಹುಡುಕಾಟ ಬೇಕಿಲ್ಲ. ಭಾನುವಾರದ ಫೋಟೊದವರು ನಿಲ್ಲುವ ಫುಟ್‌ಪಾತ್ ಸಾಕು.