ಔದ್ಯೋಗಿಕ ಶ್ವಾಸಕೋಶ ರೋಗಗಳು

ದುಡಿಯುವ ಜಾಗದ ಧೂಳು, ಹೊಗೆ, ಅನಿಲಗಳಿಂದ ಬರುವ ಇಲ್ಲವೆ ಉಲ್ಬಣಿಸುವ ಶ್ವಾಸಕೋಶದ ಕಾಯಿಲೆಗಳು. ಧೂಮಪಾನವೂ ವಂಶವಾಹಿಗಳೂ ಇವುಗಳ ಅಪಾಯವನ್ನು ಹೆಚ್ಚಿಸಬಲ್ಲವು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿಗಳ ಎರೆಭೂಮಿಯ ಹತ್ತಿ, ರಾಮದುರ್ಗದ ನೇಕಾರಿಕೆ, ಕಿತ್ತೂರು ಭಾಗದ ಕಬ್ಬು, ಎಲ್ಲೆಡೆಯ ಕಲ್ಲಿನ ಕೆಲಸ ಇವೆಲ್ಲ ಧೂಳಿನೊಡನೆ ನಡೆಯುವ ದುಡಿಮೆಗಳೇ.

ಧೂಳು: ಹತ್ತಿಯಿಂದ ಬೀಜ ಬೇರ್ಪಡಿಸುವಾಗ, ಅರಳೆ ಹಿಂಜುವಾಗ ಏಳುವ ಧೂಳಿನಲ್ಲಿ ಎಲೆಚೂರು, ಮಣ್ಣಿನ ಜೊತೆಗೆ ಬ್ಯಾಕ್ಟೀರಿಯಾಗಳ ಎಂಡೋಟಾಕ್ಸಿನ್ ಎಂಬ ವಿಷಾಂಶ ಇರುತ್ತದೆ. ಈ ಧೂಳು ತರುವ ರೋಗ ಬಿಸಿನೋಸಿಸ್. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುವುದು ಇದರ ಆರಂಭದ ಗುರುತು. ವರ್ಷಗಟ್ಟಲೆ ಕಡೆಗಣಿಸಿದರೆ ಹಾನಿ ಶಾಶ್ವತವಾಗಬಹುದು. ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ಧೂಳು ಬಗಾಸೋಸಿಸ್ ತರುತ್ತದೆ. ಕಲ್ಲು ಒಡೆಯುವಲ್ಲಿ, ಬೆಳಗಾವಿಯ ಫೌಂಡ್ರಿಗಳಂಥ ಕಡೆ ಮರಳಿನ ಅಚ್ಚು ಬಿಡಿಸುವಲ್ಲಿ ಏಳುವ ಸಿಲಿಕಾ ಧೂಳು ಸಿಲಿಕೋಸಿಸ್‌ಗೆ ಕಾರಣ. ಈ ರೋಗಕ್ಕೆ ಮದ್ದಿಲ್ಲ. ಕ್ಷಯಕ್ಕೂ ಇದು ದಾರಿ ಮಾಡಿಕೊಡುತ್ತದೆ. ಕೋಲಾರ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ತಪಾಸಣೆ ಮಾಡಿದ 7,653 ಕಾರ್ಮಿಕರಲ್ಲಿ ಶೇ. 43.7 ಮಂದಿಗೆ ಸಿಲಿಕೋಸಿಸ್ ಕಂಡುಬಂದಿತ್ತು.

ಧೂಮಪಾನ: ಶ್ವಾಸನಾಳದ ಸೂಕ್ಷ್ಮ ರೋಮಗಳು ಧೂಳನ್ನು ಹೊರದೂಡುತ್ತವೆ. ಬೀಡಿ, ಸಿಗರೇಟಿನ ಹೊಗೆ ಅವನ್ನು ನಿಷ್ಕ್ರಿಯಗೊಳಿಸುತ್ತದೆ. ಹೀಗಾಗಿ ಧೂಳು, ಹೊಗೆ ಎರಡೂ ಕೂಡಿದಾಗ ಅಪಾಯ ಅವುಗಳ ಮೊತ್ತಕ್ಕಿಂತ ಮಿಗಿಲಾಗಬಹುದು. ಅಮೆರಿಕದ ಆಸ್ಬೆಸ್ಟಾಸ್ (ಕಲ್ನಾರು) ಕಾರ್ಮಿಕರ ಅಧ್ಯಯನದಲ್ಲಿ ಶ್ವಾಸಕೋಶ ಕ್ಯಾನ್ಸರಿನ ಸಾವಿನ ಅಪಾಯ ಆಸ್ಬೆಸ್ಟಾಸ್‌ನಿಂದ ಸುಮಾರು 5 ಪಟ್ಟು, ಧೂಮಪಾನದಿಂದ ಸುಮಾರು 10 ಪಟ್ಟು, ಎರಡೂ ಸೇರಿದರೆ 50 ಪಟ್ಟಿಗೂ ಹೆಚ್ಚು ಎಂದು ಕಂಡುಬಂತು. ಆದರೆ ಬೀಡಿ ಮುಟ್ಟದವರಿಗೂ ದಮ್ಮು ಬರುತ್ತದೆ: ದೀರ್ಘಕಾಲೀನ ಶ್ವಾಸಾವರೋಧ ರೋಗದ (ಸಿಒಪಿಡಿ) ಸುಮಾರು ಶೇ. 15 ಪಾಲಿಗೆ ಕೆಲಸವೇ ಕಾರಣವೆಂಬ ಅಂದಾಜಿದೆ. ಅಡುಗೆಮನೆಯ ಸೌದೆ ಒಲೆಯ ಹೊಗೆಯೂ ಹಾನಿಕರ.

ವಂಶವಾಹಿ: ಒಂದೇ ಗಿರಣಿಯಲ್ಲಿ ದುಡಿದ ಎಲ್ಲರೂ ಒಂದೇ ರೀತಿ ಬಳಲುವುದಿಲ್ಲ. ಶ್ವಾಸಕೋಶವನ್ನು ಕಾಯುವ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನಿನ ಕೊರತೆ ವಂಶಪಾರಂಪರ್ಯವಾಗಿ ಬರುತ್ತದೆ. 1963ರಲ್ಲಿ ಸ್ವೀಡನ್ನಿನಲ್ಲಿ ಇದನ್ನು ಗುರುತಿಸಲಾಯಿತು. ಭಾರತೀಯರಲ್ಲಿ ಇದು ವಿರಳ. ಈ ಕೊರತೆ ಇರುವವರು ಬೀಡಿ ಸೇದಿದರೆ ಶ್ವಾಸಕೋಶ ಬೇಗ ಹಾಳಾಗುತ್ತದೆ.

ತಡೆ: ಹುಟ್ಟಿನಿಂದ ಬಂದದ್ದನ್ನು ಬದಲಿಸಲಾಗದು, ಧೂಳನ್ನೂ ಹೊಗೆಯನ್ನೂ ತಗ್ಗಿಸಬಹುದು. ಧೂಳು ಹೀರುವ ಯಂತ್ರ, ಕಲ್ಲಿಗೆ ನೀರು ಹಾಯಿಸುವುದು, ಸರಿಯಾದ ಮಾಸ್ಕ್, ಕಾಲಕಾಲಕ್ಕೆ ಉಸಿರಿನ ಪರೀಕ್ಷೆ ಅಗತ್ಯ. 1948ರ ಕಾರ್ಖಾನೆಗಳ ಕಾಯ್ದೆ ಸಿಲಿಕೋಸಿಸ್, ಬಿಸಿನೋಸಿಸ್ ಎರಡನ್ನೂ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ರೋಗಿಯ ಕಸುಬು ಯಾವುದೆಂದು ವೈದ್ಯರು ಕೇಳಲೇಬೇಕೆಂದು ಇಟಲಿಯ ವೈದ್ಯ ರಮಾಝಿನಿ 1700ರಲ್ಲೇ ಬರೆದಿದ್ದ. ಕೆಮ್ಮು, ಏದುಸಿರೆಂದು ದವಾಖಾನೆಗೆ ಹೋದವರು, ವೈದ್ಯರು ಕೇಳದಿದ್ದರೂ, ತಮ್ಮ ಕೆಲಸವನ್ನು ತಾವಾಗಿಯೇ ಹೇಳಬೇಕು.